ಭಾರ ಹೊರುವ ಗಾಳಿ

ಭರ್ತಿ ಲಾರಿಗಿಂತ ಖಾಲಿ ಲಾರಿಯೇ ಹೆಚ್ಚು ಕುಣಿಯುತ್ತದೆ ಎಂಬುದು ಲಾರಿಯ ಹಿಂಬದಿಯಲ್ಲಿ ಕುಳಿತು ಹೋದವರಿಗೆಲ್ಲ ಗೊತ್ತಿರುವ ಸಂಗತಿ. ಅಕ್ಕಿ ಮೂಟೆಯನ್ನೋ ಸಿಮೆಂಟು ಚೀಲವನ್ನೋ ಹೇರಿಕೊಂಡಾಗ ಆನೆಯಂತೆ ಸಾವಧಾನವಾಗಿ ನಡೆಯುವ ಗಾಡಿ, ಸರಕು ಇಳಿಸಿ ಹಿಂದಿರುಗುವಾಗ ಪ್ರತಿಯೊಂದು ಗುಂಡಿಯಲ್ಲೂ ಎಗರಿ ಬೀಳುತ್ತದೆ. ಚಾಲಕ ಅವನೇ, ರಸ್ತೆ ಅದೇ. ಬದಲಾದದ್ದು ಭಾರವೊಂದೇ. ಭಾರ ಬದಲಾದರೂ ತಾನು ಬದಲಾಗದೆ ಉಳಿದದ್ದು ಲಾರಿಯ ಅಡಿಯಲ್ಲಿರುವ ಉಕ್ಕಿನ ಪಟ್ಟಿ.

ಈ ಹಠಮಾರಿ ಉಕ್ಕಿಗೆ ಪರ್ಯಾಯವಾಗಿ ಎಂಜಿನಿಯರುಗಳು ಹುಡುಕಿಕೊಂಡ ವಸ್ತು ಗಾಳಿ. ಇಂದು ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ದೋಣಿಯನ್ನೋ, ಕುದುರೆಗಳನ್ನು ಸಾಗಿಸುವ ಬಂಡಿಯನ್ನೋ, ಮನೆಯಂತಹ ಟ್ರೇಲರನ್ನೋ ಕಟ್ಟಿ ಎಳೆಯುವವರು ಹಿಂದಿನ ಆಕ್ಸಲ್ ಮೇಲೆ ಎರಡು ರಬ್ಬರ್ ಚೀಲಗಳನ್ನು ಕೂರಿಸಿ, ಬೇಕಾದಷ್ಟು ಗಾಳಿ ತುಂಬಿಕೊಳ್ಳುತ್ತಾರೆ. ಇದಕ್ಕೆ ಏರ್ ಬ್ಯಾಗ್ ಸಸ್ಪೆನ್ಷನ್ ಎಂದು ಹೆಸರು. ಅಪಘಾತವಾದಾಗ ಸ್ಟೀರಿಂಗಿನಿಂದ ಉಬ್ಬಿ ಹೊರಬರುವ ಏರ್ ಬ್ಯಾಗಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅದು ಜೀವ ಉಳಿಸಲು ಒಮ್ಮೆ ಮಾತ್ರ ಉಬ್ಬುತ್ತದೆ. ಇದು ವರ್ಷಗಟ್ಟಲೆ ಉಬ್ಬಿಕೊಂಡೇ ಇದ್ದು ಭಾರ ಹೊರುತ್ತದೆ.

ಗಾಳಿ ಭಾರ ಹೊರುವುದೆಂದರೆ ನಮಗೆ ಅಚ್ಚರಿಯಾಗಬೇಕಿಲ್ಲ. ಸಂಜೀವಿನಿ ಪರ್ವತವನ್ನು ಹೊತ್ತು ತಂದ ಹನುಮಂತನೂ, ಅರಗಿನ ಮನೆಯಿಂದ ತಾಯಿಯನ್ನೂ ಸೋದರರನ್ನೂ ಹೊತ್ತು ನಡೆದ ಭೀಮನೂ ವಾಯುಪುತ್ರರೇ. ಆದರೆ ಎಂಜಿನಿಯರುಗಳ ಕೈಯಲ್ಲಿ ಗಾಳಿ ಭಾರ ಹೊರಲು ಕಲಿತದ್ದಕ್ಕೆ ಒಂದು ಶತಮಾನ ಹಿಡಿಯಿತು. ಕಲಿತ ಮೇಲೂ ಅದು ಯಾವ ಭಾರವನ್ನು ಹೊರುತ್ತದೆ, ಯಾವುದನ್ನು ಹೊತ್ತಂತೆ ತೋರಿಸುತ್ತದಷ್ಟೆ ಎಂಬ ವಿಷಯದಲ್ಲಿ ಬಳಕೆದಾರರ ಗೊಂದಲ ತೀರಿಲ್ಲ. ಈ ಗೊಂದಲ ಹೆದ್ದಾರಿಯಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಉಕ್ಕಿಗೆ ಗೊತ್ತಿರುವುದು ಒಂದೇ ಭಾರ

ಸಸ್ಪೆನ್ಷನ್ ಎಂಬ ಮಾತಿನ ಮೂಲ ಅರ್ಥ ತೂಗುಹಾಕುವುದು. ಯುರೋಪಿನ ಸಾರೋಟುಗಳಲ್ಲಿ ಹಿಂದೆ ಕುಳಿತುಕೊಳ್ಳುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ನಿಜಕ್ಕೂ ತೂಗುಹಾಕುತ್ತಿದ್ದರು. ತೊಟ್ಟಿಲಿನಂತೆ ತೂಗಾಡುವ ಈ ಪೆಟ್ಟಿಗೆಯಲ್ಲಿ ಕುಳಿತವರಿಗೆ ಕುಲುಕಾಟ ಸ್ವಲ್ಪ ಕಡಿಮೆಯಾಗುತ್ತಿತ್ತು. 1804ರಲ್ಲಿ ಇಂಗ್ಲೆಂಡಿನ ಒಬಡಯಾ ಎಲಿಯಟ್ ಎಂಬಾತ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಗಾಡಿಯನ್ನು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕುದುರೆ ಗಾಡಿಯಿಂದ ಈ ಪಟ್ಟಿ ಮೋಟಾರು ಕಾರಿಗೆ ಬಂತು, ಅಲ್ಲಿಂದ ಲಾರಿಗೆ ಬಂತು. ಇಂದಿಗೂ ಹೆಚ್ಚಿನ ಲಾರಿಗಳು ನಿಂತಿರುವುದು ಇದರ ಮೇಲೆಯೇ. ಬಿಲ್ಲಿನಂತೆ ಬಾಗಿರುವುದರಿಂದ ನಮ್ಮಲ್ಲಿ ಇದನ್ನು ಕಮಾನು ಎಂದೂ ಕರೆಯುತ್ತಾರೆ.

ಕಮಾನು ಗಟ್ಟಿ, ಅಗ್ಗ, ಯಾವ ಊರಿನಲ್ಲಾದರೂ ದುರಸ್ತಿಯಾಗುವಂಥದ್ದು. ಇರುವ ದೋಷ ಒಂದೇ. ಅದರ ಬಿಗಿಯನ್ನು ಕಾರ್ಖಾನೆಯಲ್ಲಿ ಒಮ್ಮೆ ನಿಗದಿ ಮಾಡಿದರೆ ಮುಗಿಯಿತು. ಹತ್ತು ಟನ್ನಿಗೆ ತಕ್ಕಂತೆ ಬಿಗಿ ಮಾಡಿದರೆ ಗಾಡಿ ಖಾಲಿ ಇರುವಾಗ ಸ್ಪ್ರಿಂಗು ಕಲ್ಲಿನಂತೆ ವರ್ತಿಸುತ್ತದೆ. ಖಾಲಿ ಗಾಡಿಗೆ ಹಿತವಾಗುವಂತೆ ಮೆದುವಾಗಿಸಿದರೆ ಭರ್ತಿಯಾದಾಗ ಗಾಡಿಯ ಹಿಂಬದಿ ನೆಲಕ್ಕೆ ಕೂರುತ್ತದೆ. ಎರಡರ ನಡುವೆ ಎಲ್ಲೋ ಒಂದು ರಾಜಿ ಮಾಡಿಕೊಳ್ಳುವುದೇ ತಯಾರಕರ ಪಾಲಿನ ಕೆಲಸ. ನಮ್ಮ ಲಾರಿ ಮಾಲೀಕರು ಈ ರಾಜಿಯನ್ನು ಒಪ್ಪದೆ ತಮ್ಮದೇ ದಾರಿ ಹಿಡಿದದ್ದುಂಟು. ಇರುವ ಕಟ್ಟಿಗೆ ಇನ್ನೂ ಒಂದೆರಡು ಪಟ್ಟಿ ಸೇರಿಸಿ, ನಿಗದಿಗಿಂತ ಹೆಚ್ಚು ಹೇರುವುದು ಆ ದಾರಿ.

ಅಮೆರಿಕದಲ್ಲಿ ಇದೇ ಉಪಾಯವನ್ನು ಮಾಡಿದವರ ಪೈಕಿ ಕಳ್ಳಭಟ್ಟಿ ಸಾಗಿಸುವವರೂ ಇದ್ದರು. ದಕ್ಷಿಣದ ಗುಡ್ಡಗಾಡಿನಲ್ಲಿ ಕಾಯಿಸಿದ ಸಾರಾಯಿಯನ್ನು ಸಾಧಾರಣ ಕಾರುಗಳಲ್ಲಿ ತುಂಬಿ ರಾತ್ರೋರಾತ್ರಿ ಪಟ್ಟಣಗಳಿಗೆ ಮುಟ್ಟಿಸುತ್ತಿದ್ದ ಇವರ ಕಾರಿನ ಹಿಂಬದಿ ಭಾರಕ್ಕೆ ಜಗ್ಗಿದರೆ ಪೊಲೀಸರಿಗೆ ತಕ್ಷಣ ಗುಮಾನಿ. ಹಾಗಾಗಿ ಹಿಂದಿನ ಸ್ಪ್ರಿಂಗುಗಳನ್ನು ವಿಪರೀತ ಬಿಗಿ ಮಾಡಿಸಿದರು. ಮಾಲು ತುಂಬಿದಾಗ ಕಾರು ಸಮವಾಗಿ ನಿಲ್ಲುತ್ತಿತ್ತು. ಆದರೆ ಮಾಲು ಇಳಿಸಿ ಬರುವಾಗ ಹಿಂಬದಿ ಜಿಗಿದು ನಿಲ್ಲುತ್ತಿತ್ತು. ಬಾಲ ಎತ್ತಿಕೊಂಡು ಬರುವ ಕಾರು ಕಂಡರೂ ಪೊಲೀಸರಿಗೆ ಗುಮಾನಿಯೇ! ಉಕ್ಕಿಗೆ ಗೊತ್ತಿರುವುದು ಒಂದೇ ಭಾರ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕಿಲ್ಲ.

ಕಾದು ಕುಳಿತ ಕಲ್ಪನೆ

ಗಾಳಿಗೆ ಸ್ಪ್ರಿಂಗಿನ ಗುಣವಿದೆ ಎಂಬುದು ಹೊಸ ವಿಚಾರವೇನಲ್ಲ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆಯನ್ನು ಅದುಮಿದರೆ ಅದು ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲು ಸುಲಭವಾಗಿ ಒಳಹೋಗುವ ಹಿಡಿಕೆ ಮುಂದೆ ಹೋದಷ್ಟೂ ಬಿಗಿಯಾಗುತ್ತದೆ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪುಸ್ತಕದ ಶೀರ್ಷಿಕೆಯಲ್ಲಿಯೇ ‘ಗಾಳಿಯ ಸ್ಪ್ರಿಂಗು’ ಎಂಬ ಮಾತಿತ್ತು. ಗಾಳಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಎರಡರಷ್ಟಾಗುತ್ತದೆ ಎಂದು ಇಂದು ಶಾಲೆಯಲ್ಲಿ ಕಲಿಸುವ ಬಾಯ್ಲನ ನಿಯಮ 1662ರದು.

ಈ ತಿಳಿವಳಿಕೆಯನ್ನು ಗಾಡಿಯ ಅಡಿಗೆ ತರುವ ಪ್ರಯತ್ನ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1847ರಲ್ಲಿ ಜಾನ್ ಲೂಯಿಸ್ ಎಂಬಾತ ರೈಲು ಗಾಡಿಗಳಿಗಾಗಿ ಗಾಳಿ ಸ್ಪ್ರಿಂಗಿನ ಅಮೆರಿಕನ್ ಪೇಟೆಂಟ್ ಪಡೆದ. ಅದರ ಆಸುಪಾಸಿನಲ್ಲೇ, 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದ. ಎರಡೂ ಕಲ್ಪನೆಗಳು ಮೂಲೆಗೆ ಬಿದ್ದವು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿದ್ಯೆಯನ್ನು 1839ರಲ್ಲಷ್ಟೇ ಕಂಡುಕೊಂಡಿದ್ದ. ಗಾಳಿಯನ್ನು ಸೋರದಂತೆ ಹಿಡಿದಿಟ್ಟುಕೊಂಡು, ಲಕ್ಷಾಂತರ ಬಾರಿ ಮಡಚಿ ಬಿಚ್ಚಿದರೂ ಬಿರಿಯದ ಚೀಲ ತಯಾರಿಸುವುದು ಆ ಕಾಲದ ಕೈಗೆ ಮೀರಿದ ಮಾತಾಗಿತ್ತು.

ಟೈರಿನ ಭಾಗ್ಯ ಮೊದಲು ತೆರೆಯಿತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ಮೇಲೆ ಸೈಕಲ್ಲು, ಕಾರುಗಳು ಗಾಳಿಯ ಮೇಲೆ ಓಡತೊಡಗಿದವು. ಟೈರಿನ ಬೇಡಿಕೆಯಿಂದಾಗಿಯೇ ಬಟ್ಟೆಯ ನೂಲನ್ನೂ ರಬ್ಬರನ್ನೂ ಪದರ ಪದರವಾಗಿ ಬೆಸೆಯುವ ವಿದ್ಯೆ ಬೆಳೆಯಿತು. ಗಾಳಿ ಸ್ಪ್ರಿಂಗಿಗೆ ಬೇಕಾಗಿದ್ದುದೂ ಅದೇ ವಿದ್ಯೆ. 1901ರಲ್ಲಿ ವಿಲಿಯಂ ಹಂಫ್ರೀಸ್ ಎಂಬ ಅಮೆರಿಕನ್ ವಾಹನಗಳಿಗೆ ಗಾಳಿ ಸ್ಪ್ರಿಂಗಿನ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಮೆಸ್ಸಿಯೆ ಉಕ್ಕಿನ ಸ್ಪ್ರಿಂಗೇ ಇಲ್ಲದ ಕಾರುಗಳನ್ನು ತಯಾರಿಸಿದ. ಆದರೂ ಗಾಳಿ ಸ್ಪ್ರಿಂಗಿಗೆ ನೆಲೆ ಸಿಕ್ಕಿದ್ದು ಒಂದು ಟೈರ್ ಕಂಪನಿಯ ಕೈಗೆ ಬಂದಾಗ. ಅಮೆರಿಕದ ಫೈರ್‌ಸ್ಟೋನ್ 1930ರ ದಶಕದ ಆರಂಭದಲ್ಲಿ ಪ್ರಯೋಗಕ್ಕಿಳಿಯಿತು. ಆ ದಶಕದಲ್ಲಿ ಕೆಲವು ಕಾರುಗಳಿಗೆ ಗಾಳಿ ಚೀಲ ಜೋಡಿಸಿ ಓಡಿಸಿ ನೋಡಿದ್ದೂ ಆಯಿತು. ಆದರೆ ಅಷ್ಟರಲ್ಲಿ ಅಗ್ಗದ ಸುರುಳಿ ಸ್ಪ್ರಿಂಗು ಮಾರುಕಟ್ಟೆಗೆ ಬಂದಿದ್ದರಿಂದ ಕಾರು ಕಂಪನಿಗಳು ಆಸಕ್ತಿ ತೋರಲಿಲ್ಲ. 1946ರಲ್ಲಿ ವಿಲಿಯಂ ಸ್ಟೌಟ್ ಎಂಬ ಎಂಜಿನಿಯರ್ ಫೈಬರ್‌ಗ್ಲಾಸ್ ಮೈಯ ಕಾರೊಂದನ್ನು ಗಾಳಿ ಸ್ಪ್ರಿಂಗಿನ ಮೇಲೆ ನಿಲ್ಲಿಸಿದ. ಅದೂ ಮಾದರಿಯಾಗಿಯೇ ಉಳಿಯಿತು.

ಬಸ್ಸು ಗೆದ್ದಿತು, ಕಾರು ಸೋತಿತು

ಕಾರು ಬೇಡವೆಂದದ್ದನ್ನು ಬಸ್ಸು ಎತ್ತಿಕೊಂಡಿತು. ಅಮೆರಿಕದ ದೊಡ್ಡ ಬಸ್ ತಯಾರಕನಾಗಿದ್ದ ಜನರಲ್ ಮೋಟಾರ್ಸ್ 1938ರಲ್ಲಿ ಫೈರ್‌ಸ್ಟೋನ್ ಜತೆ ಕೈಜೋಡಿಸಿ 1944ರಲ್ಲಿ ಮೊದಲ ಬಸ್ಸುಗಳನ್ನು ಪರೀಕ್ಷಿಸಿತು. 1953ರಲ್ಲಿ ಗಾಳಿ ಸ್ಪ್ರಿಂಗಿನ ಬಸ್ಸು ಉತ್ಪಾದನೆಗೆ ಬಂತು. ಮರುವರ್ಷ ಬಂದ ಗ್ರೇಹೌಂಡ್ ಕಂಪನಿಯ ಎರಡಂತಸ್ತಿನ ಸೀನಿಕ್ರೂಸರ್ ಬಸ್ಸು ಅಮೆರಿಕದ ಹೆದ್ದಾರಿಗಳ ಹೆಗ್ಗುರುತೇ ಆಯಿತು. 1956ರವರೆಗೆ ತಯಾರಾದ 1001 ಸೀನಿಕ್ರೂಸರುಗಳೂ ಗಾಳಿಯ ಮೇಲೆಯೇ ನಿಂತಿದ್ದವು.

ಈ ಯಶಸ್ಸು ಕಂಡು ಜನರಲ್ ಮೋಟಾರ್ಸ್ 1957ರ ತನ್ನ ದುಬಾರಿ ಕಾರು ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್‌ಗೆ ಗಾಳಿ ಸ್ಪ್ರಿಂಗು ಕೊಟ್ಟಿತು. ಕಾರಿನ ಬೆಲೆ 13 ಸಾವಿರ ಡಾಲರಿಗೂ ಮಿಗಿಲು. 1958ರಲ್ಲಿ ಕಂಪನಿಯ ಇತರ ಕಾರುಗಳಿಗೂ, ಪ್ರತಿಸ್ಪರ್ಧಿ ಫೋರ್ಡಿನ ಕಾರುಗಳಿಗೂ ಈ ಸೌಲಭ್ಯ ಬಂತು. ಆದರೆ ಚೀಲಗಳು ಸೋರಿದವು, ಕವಾಟಗಳು ಕೈಕೊಟ್ಟವು. ರಾತ್ರಿ ಸರಿಯಾಗಿ ನಿಲ್ಲಿಸಿದ ಕಾರು ಬೆಳಿಗ್ಗೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿರುತ್ತಿತ್ತು. ಅನೇಕ ಮಾಲೀಕರು ದುಡ್ಡು ಕೊಟ್ಟು ಹಾಕಿಸಿದ ಗಾಳಿಯನ್ನು ಮತ್ತೆ ದುಡ್ಡು ಕೊಟ್ಟು ಕಿತ್ತು ಹಾಕಿಸಿ, ಸುರುಳಿ ಸ್ಪ್ರಿಂಗಿಗೆ ಮರಳಿದರು.

ಒಂದೇ ವಿದ್ಯೆ ಬಸ್ಸಿನಲ್ಲಿ ಗೆದ್ದು ಕಾರಿನಲ್ಲಿ ಸೋತದ್ದೇಕೆ? ಬಸ್ಸಿನಲ್ಲಿ ಗಾಳಿ ಬ್ರೇಕಿಗಾಗಿ ಕಂಪ್ರೆಸರ್ ಮೊದಲೇ ಇತ್ತು. ಸ್ಪ್ರಿಂಗಿಗೆ ಬೇಕಾದ ಗಾಳಿ ಅಲ್ಲಿಂದಲೇ ಸಿಕ್ಕಿತು. ಬಸ್ಸುಗಳು ದಿನವೂ ಡಿಪೊಗೆ ಬರುತ್ತವೆ, ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುತ್ತವೆ. ಇನ್ನೊಂದು ಮುಖ್ಯ ಕಾರಣವೆಂದರೆ ಅಗತ್ಯ. ನಾಲ್ಕು ಮಂದಿ ಕೂರುವ ಕಾರಿನ ಖಾಲಿ ತೂಕಕ್ಕೂ ಭರ್ತಿ ತೂಕಕ್ಕೂ ಅಂಥ ದೊಡ್ಡ ಅಂತರವಿಲ್ಲ. ನಲವತ್ತು ಮಂದಿ ಹತ್ತಿ ಇಳಿಯುವ ಬಸ್ಸಿಗೆ ಆ ಅಂತರ ಟನ್ನುಗಳ ಲೆಕ್ಕದ್ದು. ಅಲ್ಲಿ ಗಾಳಿ ಸ್ಪ್ರಿಂಗಿನ ಜತೆ ಒಂದು ಪುಟ್ಟ ಕವಾಟವಿರುತ್ತದೆ. ಜನ ಹತ್ತಿ ಬಸ್ಸು ತಗ್ಗಿದರೆ ಅದು ತೆರೆದುಕೊಂಡು ಚೀಲಕ್ಕೆ ಗಾಳಿ ಬಿಡುತ್ತದೆ. ಜನ ಇಳಿದು ಬಸ್ಸು ಎದ್ದರೆ ಗಾಳಿಯನ್ನು ಹೊರಹಾಕುತ್ತದೆ. ಭಾರ ಹೆಚ್ಚಿದಂತೆ ಸ್ಪ್ರಿಂಗು ತಾನೇ ಬಿಗಿಯಾಗುವುದರಿಂದ, ಖಾಲಿ ಬಸ್ಸಿಗೂ ಭರ್ತಿ ಬಸ್ಸಿಗೂ ಕುಲುಕಾಟದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಉಕ್ಕು ಮಾಡಲಾರದ ಕೆಲಸವೆಂದರೆ ಇದೇ.

ಕರ್ನಾಟಕದ ಜನರಿಗೆ ಇದರ ಪರಿಚಯವಾದದ್ದೂ ಬಸ್ಸಿನ ಮೂಲಕವೇ. ಖಾಸಗಿ ಬಸ್ಸುಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಿದ್ದ ‘ಏರ್ ಬಸ್’ ಎಂಬ ಹೆಸರಿಗೂ ವಿಮಾನಕ್ಕೂ ಸಂಬಂಧವಿರಲಿಲ್ಲ. ಅಡಿಯಲ್ಲಿ ಗಾಳಿ ಚೀಲವಿದೆ ಎಂಬುದರ ಜಾಹೀರಾತು ಅದು. 2001ರಲ್ಲಿ ವೋಲ್ವೊ ಬಸ್ಸುಗಳು ಭಾರತದ ರಸ್ತೆಗಿಳಿದವು. ಕೆಎಸ್‌ಆರ್‌ಟಿಸಿಯ ‘ಐರಾವತ’ದಲ್ಲಿ ರಾತ್ರಿಯಿಡೀ ಪಯಣಿಸಿಯೂ ಸೊಂಟ ನೋಯಲಿಲ್ಲವೆಂದು ಹೇಳಿಕೊಂಡವರು ವಾಸ್ತವವಾಗಿ ಹೊಗಳಿದ್ದು ಗಾಳಿಯನ್ನು.

ಎರಡು ಚೀಲಗಳ ಉಪಾಯ

ಬಸ್ಸಿನಂತೆ ಇಡೀ ಗಾಡಿಯನ್ನು ಗಾಳಿಯ ಮೇಲೆ ನಿಲ್ಲಿಸುವುದು ದುಬಾರಿ ಬಾಬತ್ತು. ಇರುವ ಉಕ್ಕಿನ ಸ್ಪ್ರಿಂಗನ್ನು ಹಾಗೆಯೇ ಬಿಟ್ಟು, ಅದಕ್ಕೆ ಊರುಗೋಲಾಗಿ ಗಾಳಿಯನ್ನು ಕೊಟ್ಟರೆ ಹೇಗೆ? ಈ ಉಪಾಯವನ್ನು ವ್ಯಾಪಾರವಾಗಿ ಬೆಳೆಸಿದ ಕಂಪನಿಗಳಲ್ಲಿ ಒಂದು, 1949ರಲ್ಲಿ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಪಟ್ಟಣದಲ್ಲಿ ಆರಂಭವಾದ ಏರ್ ಲಿಫ್ಟ್. ಲ್ಯಾನ್ಸಿಂಗ್ ಎಂದರೆ ಓಲ್ಡ್ಸ್‌ಮೊಬೈಲ್ ಕಾರುಗಳ ತವರು. ಕಾರಿನ ಹಿಂಬದಿಯ ಸುರುಳಿ ಸ್ಪ್ರಿಂಗಿನ ಹೊಟ್ಟೆಯೊಳಗೆ ಒಂದು ರಬ್ಬರ್ ಚೀಲವನ್ನು ತೂರಿಸಿ ಗಾಳಿ ತುಂಬುವುದು ಆ ಕಾಲದ ವಿಧಾನವಾಗಿತ್ತು. ಡಿಕ್ಕಿ ತುಂಬ ಸಾಮಾನು ಹೇರಿದರೆ ಗಾಳಿ ಹೆಚ್ಚಿಸಿ, ಇಳಿಸಿದರೆ ತಗ್ಗಿಸಿ. ಕಳ್ಳಭಟ್ಟಿಯವರನ್ನು ಕಾಡಿದ ಸಮಸ್ಯೆಗೆ ಇದು ಸರಳ ಉತ್ತರವಾಗಿತ್ತು.

ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಇಂಥ ಉತ್ತರಕ್ಕೆ ಗಿರಾಕಿಗಳು ಹೆಚ್ಚುತ್ತಲೇ ಹೋದರು. ಮಧ್ಯಮ ವರ್ಗದ ಕೈಯಲ್ಲಿ ಹಣ ಓಡಾಡಿತು. 1956ರ ಕಾಯ್ದೆಯಿಂದ 41 ಸಾವಿರ ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲದ ನಿರ್ಮಾಣ ಶುರುವಾಯಿತು. ರಜೆ ಬಂದರೆ ಮಲಗುವ ಕೋಣೆ, ಅಡುಗೆಮನೆಗಳಿರುವ ಟ್ರೇಲರನ್ನು ಗಾಡಿಗೆ ಕಟ್ಟಿಕೊಂಡು ಹೊರಡುವುದು ಅಲ್ಲಿನ ಸಂಸಾರಗಳ ರೂಢಿಯಾಯಿತು. ಟ್ರೇಲರುಗಳು ದೊಡ್ಡದಾದಂತೆ ಎಳೆಯುವ ಕೆಲಸ ಕಾರಿನಿಂದ ಪಿಕಪ್ ಟ್ರಕ್ಕಿಗೆ ಬಂತು. ಚೀಲವೂ ಜಾಗ ಬದಲಿಸಿತು. ಪಿಕಪ್ಪಿನ ಹಿಂಬದಿಯಲ್ಲಿರುವುದು ಸಾಮಾನ್ಯವಾಗಿ ಕಮಾನು ಪಟ್ಟಿ. ಆದ್ದರಿಂದ ಚಾಸಿಗೂ ಆಕ್ಸಲಿಗೂ ನಡುವೆ, ಪಟ್ಟಿಯ ನೆತ್ತಿಯ ಮೇಲೆ, ಎಡಕ್ಕೊಂದು ಬಲಕ್ಕೊಂದು ಚೀಲ ಕೂರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅಲ್ಲಿದ್ದ ರಬ್ಬರ್ ಗುಬ್ಬಿಯನ್ನು ತೆಗೆದು ಆ ಜಾಗವನ್ನೇ ಚೀಲಕ್ಕೆ ಕೊಡುತ್ತಾರೆ. ಗಾಳಿ ತುಂಬುವುದು ಟೈರಿಗೆ ತುಂಬಿದಂತೆಯೇ. ಹಿಂದಿನ ಬಂಪರಿನ ಬಳಿ ಟೈರಿನದೇ ನಮೂನೆಯ ವಾಲ್ವ್ ಇರುತ್ತದೆ. ಅನುಕೂಲಸ್ಥರು ಪುಟ್ಟ ಕಂಪ್ರೆಸರ್ ಕೂರಿಸಿಕೊಂಡು ಚಾಲಕನ ಸೀಟಿನಿಂದಲೇ ಗಾಳಿ ಹೆಚ್ಚು ಕಡಿಮೆ ಮಾಡುತ್ತಾರೆ.

ಇಷ್ಟು ಚಿಕ್ಕ ಚೀಲ ಟನ್ನುಗಟ್ಟಲೆ ಹೊರುವುದು ಹೇಗೆ ಎಂದು ಅನುಮಾನ ಬರಬಹುದು. ಲೆಕ್ಕ ಸರಳ. ಚೀಲದ ಅಗಲ ಒಂದು ಸಣ್ಣ ತಟ್ಟೆಯಷ್ಟು, ಅಂದರೆ ಸುಮಾರು 14 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಅದರ ವಿಸ್ತೀರ್ಣ ಸರಿಸುಮಾರು 150 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ, ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 70 ಪಾಯಿಂಟ್, ತುಂಬಿದರೆ ಒಂದು ಚೀಲ 750 ಕಿಲೋ ಹೊರುತ್ತದೆ. ಎರಡು ಚೀಲ ಸೇರಿದರೆ ಒಂದೂವರೆ ಟನ್. ಇಂಥ ಚೀಲಗಳಲ್ಲಿ 5ರಿಂದ 100 ಪಾಯಿಂಟಿನವರೆಗೆ ಗಾಳಿ ತುಂಬುವುದುಂಟು. ಗಾಡಿ ಖಾಲಿ ಇದ್ದರೂ 5 ಪಾಯಿಂಟಿಗಿಂತ ಕೆಳಗಿಳಿಸಬಾರದು. ಇಳಿಸಿದರೆ ಚೀಲ ತನ್ನ ಮಡಿಕೆಯಲ್ಲೇ ಉಜ್ಜಿಕೊಂಡು ಹರಿಯುತ್ತದೆ.

ಎರಡೂ ಚೀಲಗಳಿಗೆ ಒಂದೇ ಕೊಳವೆಯಿಂದ ಗಾಳಿ ಕೊಡುವುದು ಅಗ್ಗ. ಆದರೆ ಹಾಗೆ ಮಾಡಿದರೆ ತಿರುವಿನಲ್ಲಿ ಗಾಡಿ ವಾಲಿದಾಗ, ಭಾರ ಬಿದ್ದ ಬದಿಯ ಗಾಳಿ ಭಾರವಿಲ್ಲದ ಬದಿಗೆ ಹರಿದು ವಾಲುವಿಕೆ ಇನ್ನಷ್ಟು ಹೆಚ್ಚುತ್ತದೆ. ಬೇರೆ ಬೇರೆ ಕೊಳವೆ ಹಾಕಿದರೆ ಪ್ರತಿ ಚೀಲವೂ ತನ್ನ ಬದಿಯನ್ನು ತಾನು ಕಾಯುತ್ತದೆ. ಒಂದೇ ಮಗ್ಗುಲಿಗೆ ಸಾಮಾನು ಹೆಚ್ಚಾಗಿದ್ದರೆ ಆ ಕಡೆಯ ಚೀಲಕ್ಕೆ ಗಾಳಿ ಹೆಚ್ಚಿಸಿ ಸರಿದೂಗಿಸಲೂ ಬಹುದು.

ಮೂಕಿಯ ಭಾರ, ಏತದ ಲೆಕ್ಕ

ಗೊಂದಲ ಶುರುವಾಗುವುದು ಇಲ್ಲಿಂದ ಮುಂದೆ. ಅದನ್ನು ಬಿಡಿಸಲು ನಮ್ಮ ಎತ್ತಿನ ಗಾಡಿಯನ್ನೇ ನೆನೆಯುವುದು ಒಳ್ಳೆಯದು. ಗಾಡಿಗೆ ಹೇರು ಹೇರುವಾಗ ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಮೂಕಿಯ ಮೇಲೆ ಹದವಾಗಿ ಒಂದಿಷ್ಟು ಭಾರ ಬೀಳುವಂತೆ ಹೇರುವವನೇ ಜಾಣ ಗಾಡಿಕಾರ. ಮೋಟಾರು ಟ್ರೇಲರಿಗೂ ಇದೇ ನಿಯಮ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಅದರ ಮೂಕಿಯ ಮೂಲಕ ಟ್ರಕ್ಕಿನ ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಹದ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ.

ಮೂರು ಸಾವಿರ ಕಿಲೋ ತೂಕದ ಟ್ರೇಲರಿನ ಮೂಕಿಯಿಂದ 360 ಕಿಲೋ ಕೊಂಡಿಯ ಮೇಲೆ ಬಿತ್ತು ಎಂದಿಟ್ಟುಕೊಳ್ಳಿ. ಕೊಂಡಿ ಇರುವುದು ಟ್ರಕ್ಕಿನ ಹಿಂದಿನ ಆಕ್ಸಲಿಗಿಂತಲೂ 1.2 ಮೀಟರ್ ಹಿಂದೆ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ 3.6 ಮೀಟರ್. ಈಗ ಇಡೀ ಟ್ರಕ್ಕು ಬಾವಿಯ ಏತದಂತೆ ಕೆಲಸ ಮಾಡುತ್ತದೆ. ಹಿಂದಿನ ಆಕ್ಸಲೇ ಏತದ ಕಂಬ. ಬಾಲದ ಮೇಲೆ ಭಾರ ಬಿದ್ದರೆ ಮೂತಿ ಮೇಲೇಳಲೇಬೇಕು. ಲೆಕ್ಕ ಹಾಕಿದರೆ ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 120 ಕಿಲೋ ಕಡಿಮೆಯಾಗಿ, ಹಿಂದಿನ ಆಕ್ಸಲಿನ ಮೇಲೆ 360ರ ಬದಲು 480 ಕಿಲೋ ಬೀಳುತ್ತದೆ. ದಾರಿ ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕು ಒತ್ತಿದಾಗ ಹೆಚ್ಚಿನ ಪಾಲು ಕೆಲಸ ಮಾಡುವುದೂ ಅವೇ. ಅವುಗಳ ಹಿಡಿತ ಸಡಿಲವಾದರೆ ಅಪಾಯ.

ಈಗ ಹಿಂಬದಿಯ ಚೀಲಗಳಿಗೆ ಗಾಳಿ ತುಂಬಿ. ಜಗ್ಗಿದ ಬಾಲ ಮೇಲೆದ್ದು ಟ್ರಕ್ಕು ಸಮವಾಗಿ ನಿಲ್ಲುತ್ತದೆ. ಆಕಾಶ ನೋಡುತ್ತಿದ್ದ ಹೆಡ್‌ಲೈಟು ಮತ್ತೆ ರಸ್ತೆ ನೋಡುತ್ತದೆ, ಎದುರಿನ ಚಾಲಕನ ಕಣ್ಣು ಕುಕ್ಕುವುದು ನಿಲ್ಲುತ್ತದೆ. ಉಬ್ಬಿನಲ್ಲಿ ಚಾಸಿ ಆಕ್ಸಲಿಗೆ ಬಡಿಯುವುದಿಲ್ಲ. ಓಲಾಟವೂ ತಗ್ಗುತ್ತದೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ಮುಂದಿನ ಚಕ್ರಗಳಿಂದ ಹೋದ 120 ಕಿಲೋ ಮರಳಿ ಬಂತೇ? ಇಲ್ಲ. ಏತದ ಕಂಬವನ್ನು ಎತ್ತರಿಸಿದ ಮಾತ್ರಕ್ಕೆ ಅದರ ಎರಡು ತುದಿಗಳ ಲೆಕ್ಕ ಬದಲಾಗುವುದಿಲ್ಲ. ಹೋದ ಭಾರವನ್ನು ಮುಂದಕ್ಕೆ ಮರಳಿಸುವ ಸಾಧನವೇ ಬೇರೆ. ಟ್ರೇಲರಿನ ಮೂಕಿಗೂ ಟ್ರಕ್ಕಿನ ಕೊಂಡಿಗೂ ನಡುವೆ ಬಿಗಿಯಾದ ಉಕ್ಕಿನ ಸರಳುಗಳನ್ನು ಮೀಟುಗೋಲಿನಂತೆ ಕಟ್ಟಿ, ಒಂದಿಷ್ಟು ಭಾರವನ್ನು ಟ್ರಕ್ಕಿನ ಮುಂದಿನ ಆಕ್ಸಲಿಗೂ ಟ್ರೇಲರಿನ ಆಕ್ಸಲುಗಳಿಗೂ ಹಂಚುವ ವಿಶೇಷ ಕೊಂಡಿ ಅದು. ಭಾರದ ಟ್ರೇಲರು ಎಳೆಯುವ ಅನುಭವಿಗಳು ಎರಡನ್ನೂ ಬಳಸುತ್ತಾರೆ. ಚೀಲವೊಂದರಿಂದಲೇ ಟ್ರಕ್ಕನ್ನು ಸಮ ಮಾಡಿದವನಿಗೆ ಕಾಣುವುದು ನೆಟ್ಟಗಿನ ಗಾಡಿ. ಸಿಗುವುದು ಮೂತಿ ಹಗುರವಾದ ಗಾಡಿ.

ಇದಕ್ಕಿಂತ ದೊಡ್ಡ ಭ್ರಮೆ ಇನ್ನೊಂದಿದೆ. ಚೀಲದ ಪೆಟ್ಟಿಗೆಯ ಮೇಲೆ 5000 ಪೌಂಡ್ ಎಂದು ಬರೆದಿದ್ದರೆ, ಟ್ರಕ್ಕಿನ ಸಾಮರ್ಥ್ಯ ಅಷ್ಟು ಹೆಚ್ಚಿತು ಎಂದು ತಿಳಿಯುವವರು ಬಹಳ. ಆ ಅಂಕಿ ಚೀಲದ ಸಾಮರ್ಥ್ಯವೇ ಹೊರತು ಟ್ರಕ್ಕಿನದಲ್ಲ. ಗಾಡಿ ಎಷ್ಟು ಹೊರಬಹುದೆಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗು ಮಾತ್ರವಲ್ಲ. ಆಕ್ಸಲು, ಬೇರಿಂಗು, ಟೈರು, ಚಾಸಿ, ಬ್ರೇಕು ಎಲ್ಲವೂ ಸೇರಿ. ಇವುಗಳಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯೇ ಗಾಡಿಯ ನಿಜವಾದ ಬಲ. ಚೀಲ ತಯಾರಿಸುವ ಕಂಪನಿಗಳೂ ತಮ್ಮ ಸಾಧನದಿಂದ ಗಾಡಿಯ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ ಎಂದು ಎಚ್ಚರಿಸುತ್ತವೆ. ಕಮಾನು ಜಗ್ಗುವುದು ಒಂದು ರೀತಿಯಲ್ಲಿ ಗಾಡಿಯ ನರಳಾಟ. ‘ಸಾಕು, ಇನ್ನು ಹೇರಬೇಡ’ ಎಂದು ಅದು ಹೇಳುವ ಭಾಷೆ ಅದೊಂದೇ. ಚೀಲಕ್ಕೆ ಗಾಳಿ ತುಂಬಿದವನು ಆ ನರಳಾಟವನ್ನು ನಿಲ್ಲಿಸಿರುತ್ತಾನೆ, ನೋವನ್ನಲ್ಲ. ನಮ್ಮ ಲಾರಿಗೆ ಹೆಚ್ಚುವರಿ ಪಟ್ಟಿ ಸೇರಿಸಿದಾಗ ಆಗುವುದೂ ಇದೇ. ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸಿರುವುದು ಸುಮ್ಮನೆ ಅಲ್ಲ.

ರಸ್ತೆಗೂ ಒಂದು ಪಾಲು

ಗಾಳಿಯಿಂದ ಲಾಭ ಪಡೆಯುವ ಇನ್ನೊಬ್ಬ ಪಾಲುದಾರನೆಂದರೆ ರಸ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಬಳಿ 1958ರಿಂದ 1960ರವರೆಗೆ, ಪರೀಕ್ಷೆಗೆಂದೇ ನಿರ್ಮಿಸಿದ ರಸ್ತೆಗಳ ಮೇಲೆ ಟ್ರಕ್ಕುಗಳನ್ನು ಹಗಲಿರುಳು ಓಡಿಸಿ ನೋಡಿದರು. ಆಕ್ಸಲಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟಾಗುತ್ತದೆ ಎಂಬುದು ಅದರಿಂದ ಹೊರಟ ತಿಳಿವಳಿಕೆ. ಭಾರದ ಜತೆ ಕುಪ್ಪಳಿಸುವಿಕೆಯೂ ಸೇರಿದರೆ ಪೆಟ್ಟು ಇನ್ನೂ ಜೋರು. ಗಾಳಿ ಸ್ಪ್ರಿಂಗಿನ ಚಕ್ರಗಳು ರಸ್ತೆಯನ್ನು ಕುಟ್ಟುವುದು ಕಡಿಮೆ. ಈ ಕಾರಣದಿಂದ ಯುರೋಪಿಯನ್ ಸಮುದಾಯ 1992ರಲ್ಲಿ ನಿಯಮ ತಿದ್ದಿ, ಗಾಳಿ ಸ್ಪ್ರಿಂಗು ಅಥವಾ ಅದಕ್ಕೆ ಸಮನಾದ ಏರ್ಪಾಡು ಇರುವ ಲಾರಿಗಳ ಜೋಡಿ ಚಾಲಕ ಆಕ್ಸಲುಗಳ ಮೇಲೆ 18 ಟನ್ನಿನ ಬದಲು 19 ಟನ್ ಹೇರಲು ಅನುಮತಿ ಕೊಟ್ಟಿತು. ಗಾಳಿಗೆ ಕಾನೂನು ಕೊಟ್ಟ ಒಂದು ಟನ್ನಿನ ಬಹುಮಾನವೆಂದು ಇದನ್ನು ಕರೆಯಬಹುದು. ಆದರೆ ಇಲ್ಲಿಯೂ ಷರತ್ತಿದೆ. ಗಾಳಿ ಸ್ಪ್ರಿಂಗಿನ ಜತೆಗಿರುವ ಶಾಕ್ ಅಬ್ಸಾರ್ಬರ್ ಸವೆದಿದ್ದರೆ ಈ ಒಳ್ಳೆಯ ಗುಣ ಉಳಿಯುವುದಿಲ್ಲ.

ಭಾರತದಲ್ಲಿ 2018ರಲ್ಲಿ ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಲಾಯಿತು. ನಾಲ್ಕು ಟೈರಿನ ಒಂಟಿ ಆಕ್ಸಲಿನ ಮಿತಿ 10.2 ಟನ್ನಿನಿಂದ 11.5 ಟನ್ನಿಗೆ ಏರಿತು. ಕೇಳಲು ಹೆಚ್ಚಳ ಅಲ್ಪವೇ. ಆದರೆ ಒಟ್ಟಾವದ ಲೆಕ್ಕದಲ್ಲಿ ನೋಡಿದರೆ ಅಂಥ ಒಂದು ಆಕ್ಸಲ್ ಪೂರ್ತಿ ಭರ್ತಿಯಾಗಿ ಹಾದಾಗ ರಸ್ತೆಗೆ ಆಗುವ ಸವೆತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಕುಪ್ಪಳಿಸದ ಸ್ಪ್ರಿಂಗಿನ ಬೆಲೆ ನಮಗೂ ತಿಳಿಯಬೇಕಾದ್ದು ಇಲ್ಲಿ.

ಇತಿಹಾಸದ ಚಕ್ರ ಈಗ ಒಂದು ಸುತ್ತು ಪೂರೈಸಿದೆ. ರೈಲು ಗಾಡಿಗೆಂದು 1847ರಲ್ಲಿ ಕಲ್ಪಿಸಿದ ಗಾಳಿ ಸ್ಪ್ರಿಂಗು ಇಂದು ನಿಜಕ್ಕೂ ರೈಲಿನ ಅಡಿಯಲ್ಲಿದೆ. 2022ರ ನವೆಂಬರಿನಿಂದ ಮೈಸೂರಿಗೂ ಚೆನ್ನೈಗೂ ನಡುವೆ ಓಡುತ್ತಿರುವ ವಂದೇ ಭಾರತ್ ರೈಲಿನ ಬೋಗಿಗಳು ಗಾಳಿ ಚೀಲಗಳ ಮೇಲೆ ಕುಳಿತಿವೆ. 1958ರಲ್ಲಿ ಕೈಸುಟ್ಟುಕೊಂಡಿದ್ದ ಅಮೆರಿಕದ ವಾಹನ ಕಂಪನಿಗಳೂ ಮತ್ತೆ ಗಾಳಿಯತ್ತ ತಿರುಗಿವೆ. ರ‍್ಯಾಮ್ ಪಿಕಪ್ಪಿಗೆ 2013ರ ಮಾದರಿಯಿಂದ ಕಾರ್ಖಾನೆಯಲ್ಲೇ ನಾಲ್ಕೂ ಚಕ್ರಗಳಿಗೆ ಗಾಳಿ ಸ್ಪ್ರಿಂಗು ಹಾಕಿಸಿಕೊಳ್ಳುವ ಅವಕಾಶ ಬಂತು. ಊರುಗೋಲಾಗಿ ಬಂದದ್ದು ಕಾಲೇ ಆಗುತ್ತಿದೆ.

ಹಾಗಿದ್ದರೂ ಒಂದು ಮಾತು ಉಳಿದೇ ಇದೆ. ಉಕ್ಕು ಒರಟು, ಆದರೆ ಪ್ರಾಮಾಣಿಕ. ಭಾರ ಹೆಚ್ಚಾದರೆ ಬಾಗಿ ತೋರಿಸುತ್ತದೆ. ಗಾಳಿ ಜಾಣ, ಎಷ್ಟು ಹೇರಿದರೂ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ತೋರಿಸುತ್ತದೆ. ಈ ಜಾಣತನವನ್ನು ಬಳಸುವವರು ಹೊರಡುವ ಮುನ್ನ ಗಾಡಿಯನ್ನು ಒಮ್ಮೆ ತೂಕದ ಸೇತುವೆಯ ಮೇಲೆ ಹತ್ತಿಸಿ, ಮುಂದಿನ ಆಕ್ಸಲಿನ ಮೇಲೆಷ್ಟು, ಹಿಂದಿನದರ ಮೇಲೆಷ್ಟು ಎಂದು ಬೇರೆ ಬೇರೆಯಾಗಿ ನೋಡಿಕೊಳ್ಳುವುದು ಕ್ಷೇಮ. ಕಣ್ಣಿಗೆ ಸಮವಾಗಿ ಕಂಡದ್ದೆಲ್ಲ ತಕ್ಕಡಿಯಲ್ಲಿ ಸಮವಾಗಿರಬೇಕೆಂದಿಲ್ಲ.